ನೆರಳಿಗೆ ಹಾಕಿದ ಕುರ್ಚಿ

ಹಾರ್ಲನ್ ಫೋರ್ಕ್, ಮಿಸೌರಿ
ಮಾರ್ಚ್ 12, ಮಂಗಳವಾರ

ಪ್ರೀತಿಯ ಅಜ್ಜೀ,

ಹೇಗಿದ್ದೀಯ? ಕತ್ತು ಹೇಗಿದೆ? ಅರಿಜೋನಾದ ಬಿಸಿಲು ನಿನ್ನ ಮೂಳೆಗಳಿಗೆ ಹಿಡಿಸಿದೆ ಎಂದು ಡ್ವೇನ್ ಮಾವ ಅಮ್ಮನಿಗೆ ಹೇಳಿದನಂತೆ. ಆದರೆ ಮಾವ ಕಾಲು ಮುರಿದುಕೊಂಡಾಗಲೂ ಚೆನ್ನಾಗಿದ್ದೇನೆ ಎಂದವನು, ಅವನ ಮಾತು ನಂಬುವುದು ಹೇಗೆ? ನೀನೇ ಬರೆ. ಕಾರನ್ನು ಹಿಂದಕ್ಕೆ ತೆಗೆಯುವಾಗ ಈಗಲೂ ಇಡೀ ಮೈಯನ್ನೇ ತಿರುಗಿಸುತ್ತೀಯಾ? ಎಡಗಡೆ ಮಲಗಲು ಆಗುತ್ತದೆಯೇ? ಇಲ್ಲಿ ಹಿಮ ಕರಗಿದೆ, ನಿನ್ನ ಮನೆಯ ಅಂಗಳವೆಲ್ಲ ಕೆಸರು. ನಿನ್ನ ಬೆಕ್ಕು ನನ್ನನ್ನು ಇನ್ನೂ ಬಾಡಿಗೆಯವಳಂತೆ ನೋಡುತ್ತದೆ. ಕಿಟಕಿಯಲ್ಲಿರುವ ಹೂವಿನ ಕುಂಡಗಳಿಗೆ ನೀನು ಹೇಳಿದಂತೆಯೇ ಕೆಳಗಿನಿಂದ ನೀರು ಕೊಡುತ್ತಿದ್ದೇನೆ. ಒಂದು ಸತ್ತಿದೆ, ಯಾವುದೆಂದು ಏಪ್ರಿಲಿನಲ್ಲಿ ನೀನು ಬಂದ ಮೇಲೆ ಹೇಳುತ್ತೇನೆ.

ಫೋನ್ ಮಾಡುವ ಬದಲು ಪತ್ರ ಯಾಕೆ ಎಂದು ಕೇಳುತ್ತೀಯ. ಫೋನ್ ಮಾಡಿದರೆ ಮಾವ ಸ್ಪೀಕರ್ ಹಾಕುತ್ತಾನೆ. ನಾನು ಒಂದು ಮಾತು ಹೇಳಿದರೆ ಅತ್ತೆ, ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಒಟ್ಟಿಗೆ ಹೂಂಗುಟ್ಟುತ್ತಾರೆ. ನಾನು ಹೇಳಬೇಕಾದದ್ದು ನಿನಗೊಬ್ಬಳಿಗೆ.

ನನಗೆ ಕೊನೆಗೂ ಒಬ್ಬ ಆಸ್ಟಿಯೋಪಥಿ ಡಾಕ್ಟರು ಸಿಕ್ಕಿದ್ದಾರೆ. ಅವರ ಹಿಂದೆ ನೆರಳಿನಂತೆ ನಿಂತು ಕೆಲಸ ನೋಡಬೇಕು, ಇಂತಿಷ್ಟು ಗಂಟೆ ನೋಡಿದೆ ಎಂದು ಬರೆದಿಡಬೇಕು, ಕೊನೆಗೆ ಈ ಹುಡುಗಿ ವೈದ್ಯಳಾಗಲು ತಕ್ಕವಳು ಎಂದು ಅವರು ಕಾಲೇಜಿಗೆ ಪತ್ರ ಬರೆಯಬೇಕು. ಅದಿಲ್ಲದೆ ನನಗೆ ಬೇಕಾದ ಕಾಲೇಜು ಅರ್ಜಿಯನ್ನು ತೆರೆದೂ ನೋಡುವುದಿಲ್ಲ. ಮೇ ತಿಂಗಳಲ್ಲಿ ಅರ್ಜಿ ಶುರು, ಪತ್ರಗಳನ್ನು ಮಾತ್ರ ಈಗಲೇ ಅರ್ಜಿಯ ಪುಟಕ್ಕೆ ಕಳಿಸಿಡಬಹುದು. ಕವಿತೆ ಓದಿ ಪದವಿ ಪಡೆದು, ಆಮೇಲೆ ಎರಡು ವರ್ಷ ರಸಾಯನಶಾಸ್ತ್ರದೊಂದಿಗೆ ಗುದ್ದಾಡಿದ ನನ್ನಂಥವಳಿಗೆ ಅಂಕಗಳಿಗಿಂತ ಆ ಪತ್ರವೇ ಆಧಾರ. ಅಮ್ಮ ಏನನ್ನುತ್ತಾಳೆ ಗೊತ್ತಲ್ಲ: "ಅಷ್ಟೊಂದು ಪುಸ್ತಕ ಓದಿದೋಳು ಈಗ ಜನರ ಬೆನ್ನು ತಿಕ್ಕೋಕೆ ಹೋಗ್ತಾಳಂತೆ." ನಗದೆ ಕೇಳಿದವಳು ನೀನೊಬ್ಬಳೇ.

ಇಪ್ಪತ್ಮೂರು ಕಡೆ ಫೋನ್ ಮಾಡಿದೆ ಅಜ್ಜಿ. ಹೇಳಬೇಕಾದದ್ದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು, ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ. ಒಬ್ಬರಲ್ಲಿ ಎರಡು ವರ್ಷ ಕಾಯುವ ಪಟ್ಟಿ. ಇನ್ನೊಬ್ಬರಿಗೆ ಅವರ ಆಸ್ಪತ್ರೆಯ ವಕೀಲರು ಹೊರಗಿನವರನ್ನು ಸೇರಿಸಬೇಡಿ ಎಂದಿದ್ದರಂತೆ. ಆಮೇಲೆ ಒಬ್ಬರು ಬಾ ಎಂದರು. ಮೂರು ವಾರ ಅವರ ಹಿಂದೆಯೇ ನಿಂತೆ, ತುಂಬ ಒಳ್ಳೆಯವರು. ಪತ್ರ ಕೇಳಲು ಅವರ ಕೋಣೆಗೆ ಹೋದಾಗ ಗೋಡೆಯ ಮೇಲಿದ್ದ ಪ್ರಮಾಣಪತ್ರ ಕಂಡಿತು. ಅವರು ಆಸ್ಟಿಯೋಪಥಿಯವರೇ ಅಲ್ಲ, ಇನ್ನೊಂದು ಬಗೆಯ ಡಾಕ್ಟರು! ಎರಡೂ ಬಗೆಯವರದು ಅದೇ ಬಿಳಿ ಕೋಟು, ಅದೇ ಔಷಧಿ ಚೀಟಿ. ಆಸ್ಟಿಯೋಪಥಿಯವರು ಇದರ ಜೊತೆಗೆ ಕೈಯಿಂದ ಮೈ ನೋಡಿ ಸರಿಮಾಡುವುದನ್ನೂ ಕಲಿತಿರುತ್ತಾರೆ ಎಂಬುದನ್ನು ನಿನ್ನ ಬೆನ್ನಿಗೆ ನಾನು ವಿವರಿಸಬೇಕಿಲ್ಲ. ಮೂರು ವಾರದಲ್ಲಿ ಅವರು ಒಬ್ಬರ ಬೆನ್ನನ್ನೂ ಮುಟ್ಟಲಿಲ್ಲವಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಅವರು ಬಿದ್ದು ಬಿದ್ದು ನಕ್ಕರು: "ಇಷ್ಟು ದಿನ ನನ್ನನ್ನ ಇನ್ಯಾರೋ ಅಂದ್ಕೊಂಡು ನೋಡ್ತಿದ್ದೆಯೇನಮ್ಮಾ?" ಅಂದಿನಿಂದ ನನಗೆ ಎಲ್ಲದರ ಮೇಲೂ ಅನುಮಾನ. ಮುಂದಿನ ಮಾತನ್ನು ಓದುವಾಗ ಇದು ನಿನ್ನ ನೆನಪಿನಲ್ಲಿರಲಿ.

ಇಪ್ಪತ್ನಾಲ್ಕನೆಯದಾಗಿ ಫೋನ್ ಮಾಡಿದ್ದು ಕೋಲ್ಟನ್ ರಿಡ್ಜ್‌ಗೆ, ನಿನ್ನ ಬೆಕರ್ಟ್ ಡಾಕ್ಟರಿಗೆ. ಯಾಕೆ ಮೊದಲೇ ಮಾಡಲಿಲ್ಲ ಎಂದು ಬೈಯಬೇಡ. ಮೂವತ್ತು ವರ್ಷದಿಂದ ಅವರ ರೋಗಿ ನೀನು, ನಿನ್ನ ಹೆಸರು ಹೇಳಿದ್ದರೆ ಒಂದೇ ಮಾತಿಗೆ ಬಾಗಿಲು ತೆರೆಯುತ್ತಿತ್ತು. ನಿನ್ನ ಹೆಸರಿನ ಹಿಂದೆ ಅಡಗಿಕೊಂಡು ಒಳಗೆ ಹೋಗುವುದು ನನಗೆ ಬೇಡವಾಗಿತ್ತು. ನಮ್ಮಿಬ್ಬರ ಮನೆತನದ ಹೆಸರು ಬೇರೆ, ನಾನು ಬೆಳೆದ ಊರೂ ಬೇರೆ. ಅವರಿಗೆ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ. ಆರು ವಾರದಿಂದ ಹೋಗುತ್ತಿದ್ದೇನೆ. ರೋಗಿಗಳ ಹೆಸರನ್ನು ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇನೆ, ಆದ್ದರಿಂದ ಬರೆಯುವುದಿಲ್ಲ. ನೀನು ಊಹಿಸುತ್ತೀಯ, ಅದು ನನ್ನ ತಪ್ಪಲ್ಲ.

ಮೊದಲ ದಿನ ನರ್ಸ್ ವರ್ನಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ತೂಕದ ಯಂತ್ರದ ಹಿಂದಿನ ಮೂಲೆಯಲ್ಲಿ ಒಂದು ಕುರ್ಚಿ ಹಾಕಿದಳು. ಅಲ್ಲಿ ಕುಳಿತರೆ ಡಾಕ್ಟರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡೆ. ಕಾಫಿ ಕುಡಿದು ಬರುವಷ್ಟರಲ್ಲಿ ಕುರ್ಚಿ ಮತ್ತೆ ಮೂಲೆಯಲ್ಲಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಬರೆಯುತ್ತಿದ್ದೆನಲ್ಲ, ಎರಡನೆಯ ದಿನವೇ ಕೇಳಿದಳು: "ಏನಮ್ಮಾ, ಗಡಿಯಾರ ನೋಡ್ಕೊಂಡು ನೋಡ್ಕೊಂಡು ಬರೀತಿದ್ದೀಯಲ್ಲ, ಇದೆಲ್ಲ ಯಾರಿಗೆ ಒಪ್ಪಿಸ್ಬೇಕು?" ಕಾಲೇಜಿಗೆ ಎಂದೆ. "ಹೂಂ, ಹೋದ ಸಲ ಬಂದೋನೂ ಹಿಂಗೇ ಮೆತ್ತಗೆ ಮಾತಾಡ್ತಿದ್ದ." ಕ್ಲಿನಿಕ್ಕನ್ನು ಕೊಂಡ ಕಂಪನಿ ಕಳೆದ ಶರತ್ಕಾಲದಲ್ಲಿ ಒಬ್ಬನನ್ನು ಕಳಿಸಿತ್ತಂತೆ. ಅವನೂ ಮೂಲೆಯಲ್ಲಿ ಕುಳಿತು ಒಬ್ಬೊಬ್ಬ ರೋಗಿಗೆ ಎಷ್ಟು ನಿಮಿಷ ಎಂದು ಬರೆದುಕೊಂಡ. ಅವನು ಹೋದ ಮೇಲೆ ಅರ್ಧ ಗಂಟೆ ಇದ್ದದ್ದು ಕಾಲು ಗಂಟೆಯಾಯಿತು, ಬಾಗಿಲ ಬಳಿ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದ ಹೆಂಗಸು ಕೆಲಸ ಕಳೆದುಕೊಂಡಳು. ಈಗ ನಾನು. ನಿಮ್ಮ ಚರ್ಚಿನಲ್ಲಿ ನಿನ್ನ ಹಿಂದಿನ ಸಾಲಿನಲ್ಲಿ ಕೂತು ಕೆಮ್ಮುವ ಸೋಯಾ ರೈತ ಇದ್ದಾರಲ್ಲ, ಅವರು ನನ್ನನ್ನು ಕಂಡೊಡನೆ ಹೇಳಿದರು: "ಇವಳು ಕಂಪನಿಯೋಳಾದ್ರೆ ನಾನು ಶರ್ಟು ಬಿಚ್ಚೋದಿಲ್ಲ ಡಾಕ್ಟ್ರೇ. ನನ್ನ ಹೊಟ್ಟೆ ಸುತ್ತಳತೆನೂ ಬರ್ಕೊಂಡು ಹೋಗ್ತಾಳೆ." ಡಾಕ್ಟರು, "ಅಷ್ಟುದ್ದದ ಟೇಪು ಅವಳ ಹತ್ರ ಇಲ್ಲ ಬಿಡಪ್ಪ" ಎಂದರು. ಎಲ್ಲರೂ ನಕ್ಕರು. ನಾನು ನೋಟ್‌ಬುಕ್ಕಿನ ಮೇಲೆ ಕುಳಿತುಕೊಂಡೆ.

ಅಲ್ಲಿಂದ ಮುಂದೆ ಬರೆಯುವುದನ್ನು ಬಿಟ್ಟು ಬರೀ ನೋಡತೊಡಗಿದೆ. ನೋಡುವುದು ನನಗೆ ಬರುವ ಒಂದೇ ಕೆಲಸ. ಬೆಕರ್ಟ್ ಡಾಕ್ಟರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ, ಚಳಿಗೆ ಎಂದುಕೊಂಡೆ. ತೋಳಿನ ಗುಂಡಿ ಹಾಕಿಕೊಳ್ಳುವುದೇ ಇಲ್ಲ. ವಯಸ್ಸಾದವರ ಉದಾಸೀನ ಎಂದುಕೊಂಡೆ. ಬೆನ್ನು ಒತ್ತುವಾಗ ಬೆರಳಿನ ತುದಿ ಬಿಟ್ಟು ಅಂಗೈ, ಮಣಿಕಟ್ಟು, ಕೆಲವೊಮ್ಮೆ ಮೊಣಕೈಯನ್ನೇ ಬಳಸುತ್ತಾರೆ. ಕಣ್ಣು ಮಾತ್ರ ಯಾವಾಗಲೂ ರೋಗಿಯ ಮುಖದ ಮೇಲೆ. ಅವರನ್ನು ಹೆಸರು ಹಿಡಿದೇ ಕರೆಯುವ ನೀನು ಹೇಳುತ್ತಿದ್ದದ್ದು ಬೇರೆ. "ಮರ್ಲ್ ಕಣ್ಣು ಮುಚ್ಕೊಂಡು ಬೆರಳಲ್ಲೇ ಓದ್ತಾನೆ" ಎನ್ನುತ್ತಿದ್ದೆ. ಆರು ವಾರದಲ್ಲಿ ಒಮ್ಮೆಯೂ ಅವರು ಕಣ್ಣು ಮುಚ್ಚಿದ್ದನ್ನು ನಾನು ನೋಡಿಲ್ಲ. ಒಂದೇ ಒಂದು ಕತ್ತನ್ನು ಮುಟ್ಟಿದ್ದನ್ನೂ ನೋಡಿಲ್ಲ. ಕತ್ತು ನೋವೆಂದು ಬಂದವರಿಗೆ ವರ್ನಾ ಇನ್ನೊಂದು ಊರಿನ ವಿಳಾಸ ಬರೆದುಕೊಡುತ್ತಾಳೆ.

ಮೂರನೆಯ ವಾರ ಡಾಕ್ಟರು ನನ್ನನ್ನು ಮೂಲೆಯಿಂದ ಕರೆದರು. ರೋಗಿಯ ಒಪ್ಪಿಗೆ ಕೇಳಿ, ನನ್ನ ಕೈಯನ್ನು ಬೆನ್ನಿನ ಮೇಲಿಡಿಸಿ, "ಏನು ಗೊತ್ತಾಗುತ್ತೆ?" ಎಂದರು. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ, ಒಂದು ಕಡೆ ಹಗ್ಗದಂತೆ ಬಿಗಿ, ಇನ್ನೊಂದು ಕಡೆ ಸಡಿಲ, ನಡುವೆ ಒಂದು ಜಾಗ ಉಳಿದದ್ದಕ್ಕಿಂತ ಬೆಚ್ಚಗೆ. ಹೇಳಿದೆ. "ಸರಿ" ಎಂದು ಅಲ್ಲಿಯೇ ಒತ್ತಿದರು. ಅಜ್ಜಿ, ಆ ದಿನ ಬಸ್ಸಿನಲ್ಲಿ ಬರುವಾಗ ನನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಲೇ ಇದ್ದೆ. ಮರುದಿನ ಮತ್ತೆ ಕರೆದರು, ಅದರ ಮರುದಿನವೂ. ಪ್ರತಿ ಸಲ ನಾನು ಹೇಳಿದ ಜಾಗದಲ್ಲೇ ಒತ್ತುತ್ತಿದ್ದರು, ನಾನು ಹೇಳಿದ್ದನ್ನೇ ಬರೆಯುತ್ತಿದ್ದರು. ಒಂದು ಸಲವೂ ಅಲ್ಲ ಎನ್ನಲಿಲ್ಲ. ಇದು ನನಗೆ ಸರಿಬರಲಿಲ್ಲ. ಪದವಿಯಲ್ಲಿ ನಾಲ್ಕು ವರ್ಷ ಓದಿದ ಕವಿತೆಗಳ ಬಗ್ಗೆಯೇ ನಾನು ಹತ್ತಕ್ಕೆ ಆರು ತಪ್ಪು ಹೇಳುತ್ತಿದ್ದೆ. ಮೂರು ವಾರದಲ್ಲಿ ಬೆನ್ನುಗಳ ವಿಷಯದಲ್ಲಿ ಹತ್ತಕ್ಕೆ ಹತ್ತು ಸರಿಯೇ?

ಕಳೆದ ಬುಧವಾರ ಶಾಲೆಯ ಬಸ್ಸು ಓಡಿಸುವ ಹೆಂಗಸೊಬ್ಬರು ಬಂದರು. ಬಲಗಡೆ ಎಷ್ಟು ಬಿಗಿಯೆಂದರೆ ನನ್ನ ಕೈಗೂ ಅನುಮಾನವಿರಲಿಲ್ಲ. ನಾನು "ಎಡಗಡೆ" ಎಂದೆ.

ಡಾಕ್ಟರು "ಸರಿ" ಎಂದು ಎಡಗಡೆಗೆ ಕೈಯಿಟ್ಟರು.

ಆ ಹೆಂಗಸು ನಂಬಿಕೆಯಿಂದ ಕಣ್ಣು ಮುಚ್ಚಿ ಮಲಗಿದ್ದರು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. "ಡಾಕ್ಟ್ರೇ, ತಪ್ಪು ಹೇಳಿದೆ. ಬಲಗಡೆ" ಎಂದೆ. ಅವರ ಕೈ ನಿಂತಿತು. ಬಾಗಿಲಲ್ಲಿದ್ದ ವರ್ನಾ ನೆಲ ನೋಡಿದಳು. ಡಾಕ್ಟರು ಮೇಜು ಸುತ್ತಿ ಬಲಗಡೆಗೆ ಬಂದರು. ಹೊರಗೆ ಬಂದ ಮೇಲೆ ಕೇಳಿದರು: "ಗೊತ್ತಿಲ್ದೆ ಹೇಳಿದ್ದಾ, ಬೇಕಂತಲೇ ಹೇಳಿದ್ದಾ?" ಬೇಕಂತಲೇ ಎಂದೆ. "ಹೂಂ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನನ್ನನ್ನು ಅಂದೇ ಕಳಿಸಿಬಿಡುತ್ತಾರೆ ಎಂದುಕೊಂಡಿದ್ದೆ. ಗುರುವಾರ ಹೋದರೆ ಡಾಕ್ಟರು ತಾವಾಗಿಯೇ, "ನಿನ್ನ ಪತ್ರ ಬರೀತೀನಿ. ಯಾರಿಗೆ ಕಳಿಸ್ಬೇಕು ಹೇಳು" ಎಂದರು. ವರ್ನಾ ಮಾಂಸ, ಬೀನ್ಸ್ ಹಾಕಿದ ಚಿಲ್ಲಿ ಸಾರಿನ ಜೊತೆ ತಾನೇ ಮಾಡಿದ ದಾಲ್ಚಿನ್ನಿ ರೋಲ್ ತಂದು ನನ್ನ ಮುಂದಿಟ್ಟು, "ತಿನ್ನು ಮಗಳೇ, ಕಡ್ಡಿ ಆಗಿದ್ದೀಯ" ಎಂದಳು. ಆರು ವಾರದಲ್ಲಿ ಮೊದಲ ಸಲ ಮಗಳೇ! ರೋಲ್ ಚೆನ್ನಾಗಿತ್ತು. ತಿನ್ನುತ್ತಾ ತಿನ್ನುತ್ತಾ ಅಂದುಕೊಂಡೆ, ಇದು ನನ್ನ ಕೈಗೆ ಸಿಕ್ಕಿದ ಮೆಚ್ಚುಗೆಯೋ, ಬಾಯಿಗೆ ಹಾಕಿದ ಬೀಗವೋ? ಅವರು ಬರೆಯುವ ಪತ್ರವನ್ನು ನಾನು ಎಂದೂ ನೋಡುವಂತಿಲ್ಲ. ನೋಡುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಅರ್ಜಿಯಲ್ಲಿ ಗುರುತು ಹಾಕಬೇಕು, ಎಲ್ಲರೂ ಹಾಕುತ್ತಾರೆ. ಹಾಗಾಗಿ ಅವರಿಗೆ ನನ್ನ ಬಗ್ಗೆ ನಿಜವಾಗಿ ಏನನಿಸಿತು ಎಂಬುದು ನನಗೆ ಯಾವತ್ತೂ ತಿಳಿಯುವುದಿಲ್ಲ. ನೀನಾಗಿದ್ದರೆ ಮುಖ ನೋಡಿಯೇ ಹೇಳುತ್ತಿದ್ದೆ.

ಲೈಬ್ರರಿ ಮುಚ್ಚುವ ಹೊತ್ತಾಯಿತು, ಲೈಬ್ರರಿಯವರು ನನ್ನ ಪಕ್ಕದ ದೀಪ ಆರಿಸಿ ಸೂಚನೆ ಕೊಟ್ಟಿದ್ದಾರೆ. ಬಿಸಿಲಿಗೆ ಟೋಪಿ ಹಾಕಿಕೋ. ಅತ್ತೆಗೂ ಮಕ್ಕಳಿಗೂ ನನ್ನ ನೆನಪು ಹೇಳು. ಮಾವನಿಗೆ, ಅವನು ಸ್ಪೀಕರ್ ಆರಿಸುವುದನ್ನು ಕಲಿತ ದಿನ ಖುದ್ದಾಗಿ ಫೋನ್ ಮಾಡುತ್ತೇನೆ ಎಂದು ಹೇಳು. ನಿನ್ನ ಮಡಿಲಲ್ಲಿ ಒಂದು ಸಲ ತಲೆಯಿಟ್ಟಂತೆ ಅಂದುಕೊಂಡು ಮುಗಿಸುತ್ತೇನೆ.

ನಿನ್ನ ಮೊಮ್ಮಗಳು,
ಡೆಲಿಯಾ

ಮರೆತ ಮಾತು: ಅಜ್ಜಿ, ಇಷ್ಟೆಲ್ಲ ಬರೆದು ಇದನ್ನೇ ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ. ನಿನ್ನೆ ವರ್ನಾ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಪುಸ್ತಕದಲ್ಲಿ ಕಂಡೆ: ಏಪ್ರಿಲ್ 9, ಹತ್ತು ಗಂಟೆ, ಆರ್ಡಿಸ್, ಕತ್ತು. "ಇವರು ನನ್ನ ಅಜ್ಜಿ" ಎಂದೆ. ವರ್ನಾ ಕುರ್ಚಿಯಲ್ಲಿ ಕುಳಿತುಬಿಟ್ಟಳು, ನನ್ನ ಮೂಲೆಯ ಕುರ್ಚಿಯಲ್ಲಿ. "ಎರಡು ವರ್ಷದಿಂದ ಡಾಕ್ಟ್ರ ಬೆರಳ ತುದಿಗೆ ಏನೂ ತಿಳಿಯಲ್ಲ ಮಗಳೇ. ಕಂಪನಿಗೆ ಗೊತ್ತಾದ್ರೆ ಕ್ಲಿನಿಕ್ಕೇ ಇರಲ್ಲ ಅಂತ ನಾನೇ ಮುಚ್ಚಿಟ್ಟೆ. ಕತ್ತು ಅಂತ ಬಂದೋರ್ನೆಲ್ಲ ಆಚೆ ಕಳಿಸ್ತೀವಿ. ನಿಮ್ಮಜ್ಜಿಗೆ ಆಗಲ್ಲ ಅನ್ನೋಕೆ ಅವರಿಗೆ ಬಾಯೇ ಬರಲಿಲ್ಲ." ನಾನು ನೇರ ಡಾಕ್ಟರ ಕೋಣೆಗೆ ಹೋಗಿ, ಆರ್ಡಿಸ್ ನನ್ನ ಅಜ್ಜಿ, ಅವಳಿಗೆ ಎಲ್ಲ ಬರೆಯುತ್ತೇನೆ ಎಂದೆ. ನಿಮ್ಮ ಶಿಫಾರಸು ಪತ್ರ ಸಿಗದಿದ್ದರೂ ಸರಿ ಎನ್ನಬೇಕೆಂದಿದ್ದೆ, ಅದನ್ನು ಮಾತ್ರ ಹೇಳಲಿಲ್ಲ. ಡಾಕ್ಟರು ತಮ್ಮ ಕೈಗಳನ್ನು ನೋಡಿಕೊಂಡರು. "ಬರಿ. ಮೂವತ್ತು ವರ್ಷದಲ್ಲಿ ಆರ್ಡಿಸ್ ಮುಂದೆ ಒಂದ್ಸಲಾನೂ ಇದು ನನ್ನ ಕೈಲಾಗಲ್ಲ ಅಂದಿಲ್ಲ ನೋಡು. ಬಸ್ಸಿನೋಳ ಬೆನ್ನಿಗೆ ನೀನು ಎಡಗಡೆ ಅಂದಾಗ ತಪ್ಪು ಅಂತ ನನ್ನ ಕೈಗೆ ಗೊತ್ತೇ ಆಗಲಿಲ್ಲ. ಅವತ್ತೇ ಹೇಳ್ಬೇಕಿತ್ತು ನಾನು" ಎಂದರು. ಸಂಜೆ ಅರ್ಜಿಯ ಪುಟದಲ್ಲಿ ನೋಡಿದರೆ ಅವರ ಪತ್ರ ತಲುಪಿದೆ ಎಂದಿತ್ತು, ಅಷ್ಟೇ. ನನ್ನ ಮಾತಿಗಿಂತ ಮೊದಲು ಕಳಿಸಿದರೋ ಆಮೇಲೋ, ಒಳಗೆ ಏನಿದೆಯೋ. ಇವತ್ತು ಹೋದಾಗ ನನ್ನ ಕುರ್ಚಿ ಮೇಜಿನ ಪಕ್ಕಕ್ಕೆ ಬಂದಿತ್ತು, ಆದರೆ ರೋಗಿಗಳ ಪಟ್ಟಿಯಲ್ಲಿ ಬೆನ್ನಿನವರು ಒಬ್ಬರೂ ಇರಲಿಲ್ಲ, ಎಲ್ಲ ಬರೀ ಕೆಮ್ಮು ನೆಗಡಿ. ಏಪ್ರಿಲ್ 9ರಂದು ನಿನ್ನ ಕತ್ತನ್ನು ಅವರ ಕೈಗೆ ಕೊಡಬೇಡ. ಆದರೆ ಹೋಗು. ಇಪ್ಪತ್ತು ಮೈಲಿ ನಾನೇ ನಿನ್ನ ಕಾರು ಓಡಿಸುತ್ತೇನೆ, ನೀನು ಅವರ ಎದುರು ಕುಳಿತು ಕಾಫಿ ಕುಡಿ. ಅದಕ್ಕೂ ಮೊದಲು ಒಂದು ಸಲ ಅವರಿಗೆ ಫೋನ್ ಮಾಡು. ಹಿತ್ತಲಿಗೆ ಹೋಗಿ ಮಾಡು.