ಅತ್ತೆಯ ಹಿಮ್ಮಡಿ

ನವೆಂಬರ್ ೧೪, ಶುಕ್ರವಾರ

ಬೆಳಿಗ್ಗೆ ಕಾಲೂರಿದ ಕೂಡಲೇ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಕೊಬ್ಬರಿ ಮಂಡಿಯ ಕೆಲಸಕ್ಕೆ ರಜೆ ಹಾಕಿ ತಿಪಟೂರಿನ ಡಾಕ್ಟರಿಗೆ ತೋರಿಸಿದೆ.

"ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಂತು ಕೊಬ್ಬರಿ ಆರಿಸ್ತೀರಲ್ಲಮ್ಮ, ಅದಕ್ಕೇ. ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ. ತಣ್ಣೀರಿನ ಬಾಟಲಿ ಅಂಗಾಲಡಿ ಉರುಳಿಸಿ. ಏಳೋ ಮುಂಚೆ ಕಾಲ್ಬೆರಳು ಹಿಂದಕ್ಕೆ ಎಳ್ಕೊಳ್ಳಿ. ನಿಧಾನವಾಗಿ ವಾಸಿಯಾಗುತ್ತೆ."

ಇಷ್ಟೇನಾ? ಅತ್ತೆ ಆರು ವರ್ಷ ಕುಂಟಿದರು. "ಹಿಮ್ಮಡಿ ಊರಕ್ಕಾಗಲ್ಲ ಕಣವ್ವ ಜ್ಯೋತಿ" ಅಂದಾಗ, "ಕೆಲಸ ತಪ್ಪಿಸ್ಕೊಳ್ಳೋ ನಾಟಕ" ಅಂತ ಅವರಿಗೆ ಕೇಳುವ ಹಾಗೇ ಯಜಮಾನರಿಗೆ ಹೇಳಿದ್ದೆ. ಆಮೇಲೆ ಸಾಯೋವರೆಗೂ ಅವರು ಕಾಲಿನ ಮಾತೇ ಎತ್ತಲಿಲ್ಲ.

ಬಚ್ಚಲಿನ ದಾರಿಯ ಗೋಡೆಯಲ್ಲಿ ಅವರು ಹಿಡಿದು ನಡೆದ ಅಂಗೈ ಗುರುತು ಇನ್ನೂ ಇದೆ. ಈಗ ನನ್ನ ಕೈಯೂ ಸರಿಯಾಗಿ ಅಲ್ಲೇ ಊರುತ್ತೆ. ಸುಣ್ಣ ಹೊಡೆಸೋಣ ಅಂದರು ಯಜಮಾನರು. ಬೇಡ ಅಂದೆ.