ನಿನ್ನ ಹಾಜರಿ

ಭೀಮನಬೀಡಿನ ಗಾಲಿಕುರ್ಚಿ ಸಿಂಹಾಸನಾಧೀಶ್ವರ, ಎಂಟನೇ ತರಗತಿಯ ಸಾರ್ವಭೌಮ ಸಿದ್ದಾರ್ಥ ಮಹಾರಾಜರ ಸನ್ನಿಧಾನಕ್ಕೆ, ಹಿಂದಿನ ಬೆಂಚಿನ ಸೋಮೇಶನ ಸಾಷ್ಟಾಂಗ ವರದಿ.

ಇವತ್ತು ನಮ್ಮ ಸ್ಕೂಲಿನಲ್ಲಿ ರ‍್ಯಾಂಪು ಉದ್ಘಾಟನೆಯಾಯಿತು, ಪ್ರಭು. ನಿಮ್ಮವ್ವ ಚಿಕ್ಕನಿಂಗಮ್ಮ ನಿನ್ನನ್ನು ಹೊತ್ತು ಹತ್ತುತ್ತಿದ್ದ ಐದು ಮೆಟ್ಟಿಲ ಪಕ್ಕದಲ್ಲೇ ಕಟ್ಟಿದ್ದಾರೆ. ಹೆಡ್‌ಮಾಸ್ಟರು ಹಳೇ ಹಾಜರಿ ಪುಸ್ತಕ ಎತ್ತಿ ಹಿಡಿದು, “ರ‍್ಯಾಂಪ್ ಇಲ್ದಿದ್ರೂ ಸಿದ್ದಾರ್ಥ ಒಂದಿನಾನೂ ಚಕ್ಕರ್ ಹೊಡೀಲಿಲ್ಲ, ನೋಡಿ ಕಲೀರಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ.

ಅವ್ವನಿಗೆ ಸೊಂಟನೋವು ಬಂದು ನೀನು ಸ್ಕೂಲು ಬಿಟ್ಟಮೇಲೆ, ನಿನ್ನ ಹೆಸರು ಕೂಗಿದಾಗಲೆಲ್ಲ ನಿನ್ನದೇ ದನಿಯಲ್ಲಿ “ಯೆಸ್ ಸಾರ್” ಎಂದವನು ನಾನು. ಕ್ಲಾಸೆಲ್ಲ ಕಿಸಕ್ಕೆನ್ನುತ್ತಿತ್ತು. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಹಾಜರಿ ತುಂಬಿದ್ದರಿಂದ ನಿಮ್ಮ ಮನೆಗೆ ಬಂದು ಯಾರೂ ವಿಚಾರಿಸಲಿಲ್ಲ.

ನೀವು ಬದನಗುಪ್ಪೆಗೆ ಹೊರಟಾಗ ನಿಮ್ಮವ್ವ ಟಿ.ಸಿ.ಗೆ ಬಂದಿದ್ದರು. “ಮೂರು ತಿಂಗ್ಳಾಯ್ತು, ನನ್ ಮಗ ಎಲ್ಲವ್ನೆ ಅಂತ ಒಬ್ರೂ ಕೇಳ್ನಿಲ್ವಲ್ಲ ಮಗಾ” ಎಂದರು.

“ದಿನಾ ಕೇಳೋರು ಕಣವ್ವ” ಎಂದೆ.

ತಮಾಷೆಗೆ ಕೂಗಿದೆ ಅಂತ ಎಲ್ಲರಿಗೂ ಹೇಳಿದ್ದೇನೆ. ಆ ತಮಾಷೆ ಒಂದೇ ವಾರಕ್ಕೆ ಹಳಸಿತ್ತು ಕಣ್ಲಾ. ಆಮೇಲೆ ಕೂಗಿದ್ದೆಲ್ಲ ಬಿಸಿಯೂಟದಲ್ಲಿ ನಿನ್ನ ಹೆಸರಿಗೆ ಬರುತ್ತಿದ್ದ ಮೊಟ್ಟೆಗೆ.