ಮಡಕೆಯೊಳಗಿನ ಔಷಧಿ

ಪ್ರೀತಿಯ ಅಕ್ಕಾ,

ಗಾಬರಿಯಾಗಬೇಡ, ಅಮ್ಮ ಚೆನ್ನಾಗಿದ್ದಾಳೆ. ನೆರೆ ನಮ್ಮ ಮೆಟ್ಟಿಲ ತನಕ ಬಂದು ಇಳಿಯಿತು, ಕರೆಂಟು ಮಾತ್ರ ಇನ್ನೂ ಬಂದಿಲ್ಲ. ಫ್ರಿಜ್ ನಿಂತಾಗ ಅವಳ ಇನ್ಸುಲಿನ್ ಕೆಟ್ಟರೆ ಏನು ಗತಿ ಎಂದು ನನಗೆ ಭಯವಾಯಿತು. ಪುಣ್ಯಕ್ಕೆ, ಮಳೆಗಾಲಕ್ಕೆ ಮುಂಚೆಯೇ ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಮರಳು ತುಂಬಿ ಸಿದ್ಧಮಾಡಿದ್ದೆ. ಔಷಧಿಯನ್ನು ಒಳಗಿನ ಮಡಕೆಯಲ್ಲಿಟ್ಟು, ಅದು ತಂಪಾಗಿರಲೆಂದು ಮರಳು ಒಣಗದಂತೆ ನೀರು ಚಿಮುಕಿಸುತ್ತಲೇ ಇದ್ದೆ.

"ನನಗಿಂತ ಆ ಮಡಕೆಗೇ ಉಪಚಾರ ಜಾಸ್ತಿ ಆಯ್ತಲ್ಲೇ!" ಎಂದು ಅಮ್ಮ ರೇಗಿಸಿದಳು. ಮಹಡಿ ಮನೆಯ ದರ್ಜಿಯೂ ತನ್ನ ಮಗಳ ಇನ್ಸುಲಿನ್ ತಂದು ಅದರಲ್ಲೇ ಇಟ್ಟ.

ಇವತ್ತು ನರ್ಸ್ ಬಂದು ಅಮ್ಮನ, ದರ್ಜಿಯ ಮಗಳ ಇಬ್ಬರ ರಕ್ತವನ್ನೂ ಪರೀಕ್ಷಿಸಿ, "ಶುಗರ್ ಸರಿಯಾಗಿದೆ, ಏನೂ ಯೋಚ್ನೆ ಮಾಡ್ಬೇಡಿ" ಎಂದರು. ನಾನು ಹೋಗಿ ಮರಳಿಗೆ ಮತ್ತೆ ನೀರು ಚಿಮುಕಿಸಿ ಬಂದೆ.

ಬರುವಾಗ ಹೊಸ ಇನ್ಸುಲಿನ್ ತಾ. ರಸ್ತೆ ಸರಿಯಾದ ಮೇಲೆ ಬಂದರೆ ಸಾಕು, ಅವಸರವಿಲ್ಲ.

ನಿನ್ನ ತಂಗಿ